ಕೊಡಗಿನ ಮೈದಾನಗಳಲ್ಲಿ ಫುಟ್‌ಬಾಲ್ ಅಭ್ಯಾಸವನ್ನು ಯೋಜಿಸುವ ಬಗೆ

ಅಭ್ಯಾಸದ ಯೋಜನೆಯನ್ನು ಮೈದಾನಕ್ಕೆ ಬಂದ ಮೇಲೆ ಮಾಡಬಾರದು. ಹಿಂದಿನ ಪಂದ್ಯ ಮುಗಿದ ಸಂಜೆಯೇ ಮಾಡಬೇಕು. ಚೆಂಡು ನಮ್ಮ ಕಾಲಿನಿಂದ ಎದುರಾಳಿಯ ಕಾಲಿಗೆ ಹೋದದ್ದು ಯಾವ ಜಾಗದಲ್ಲಿ, ಯಾವ ಬಗೆಯ ಪಾಸ್‌ನಲ್ಲಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳಿ. ನಾಲ್ಕಾರು ತಪ್ಪುಗಳು ಕಣ್ಣಿಗೆ ಬಿದ್ದರೂ ಮುಂದಿನ ಅಭ್ಯಾಸಕ್ಕೆ ಆರಿಸಿಕೊಳ್ಳುವುದು ಒಂದನ್ನೇ ಆಗಿರಲಿ. ಒಂದೇ ಸಂಜೆ ಪಾಸ್, ಹೆಡರ್, ಕಾರ್ನರ್ ಕಿಕ್, ರಕ್ಷಣೆ ಎಲ್ಲವನ್ನೂ ಮುಟ್ಟಲು ಹೊರಟ ತಂಡಕ್ಕೆ ಯಾವುದೂ ಮೈಗೂಡುವುದಿಲ್ಲ.

ನಮ್ಮಲ್ಲಿ ಅತಿ ಹೆಚ್ಚು ಸಮಯ ಪೋಲಾಗುವುದು ಸಾಲಿನಲ್ಲಿ ನಿಲ್ಲುವುದರಲ್ಲಿ. ಹದಿನಾರು ಮಕ್ಕಳು ಎರಡು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಓಡಿ ಬಂದು ಗೋಲಿಗೆ ಒದೆಯುವ ಅಭ್ಯಾಸವನ್ನು ಒಮ್ಮೆ ಗಡಿಯಾರ ಹಿಡಿದು ನೋಡಿ. ಗುರಿ ತಪ್ಪಿದ ಚೆಂಡು ಇಳಿಜಾರಿನಲ್ಲಿ ಉರುಳಿ ಕಾಫಿ ಗಿಡಗಳ ನಡುವೆ ಸೇರುತ್ತದೆ, ಒದ್ದವನು ಅದನ್ನು ಹುಡುಕಿ ತರುತ್ತಾನೆ, ಉಳಿದವರು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಒಬ್ಬನ ಸರದಿ ಎರಡು ನಿಮಿಷಕ್ಕೊಮ್ಮೆ ಬಂದರೆ ಇಪ್ಪತ್ತು ನಿಮಿಷಗಳಲ್ಲಿ ಅವನು ಚೆಂಡು ಮುಟ್ಟುವುದು ಹತ್ತೇ ಬಾರಿ. ಹತ್ತು ಸ್ಪರ್ಶಗಳಿಂದ ಯಾವ ಮಗುವೂ ಆಟಗಾರನಾಗಲಾರದು.

ಇದರ ಬದಲು ಆರಾರು ಜನರ ಗುಂಪು ಮಾಡಿ, ಎಂಟರಿಂದ ಹತ್ತು ಮೀಟರಿನ ಚೌಕದಲ್ಲಿ ನಾಲ್ವರಿಗೆ ಇಬ್ಬರ ಆಟವನ್ನು ಆಡಿಸಿ. ಹೊರಗಿನ ನಾಲ್ವರು ಚೆಂಡನ್ನು ಉಳಿಸಿಕೊಳ್ಳಬೇಕು, ಒಳಗಿನ ಇಬ್ಬರು ಕಸಿದುಕೊಳ್ಳಬೇಕು, ಚೆಂಡು ಕಳೆದುಕೊಂಡವನು ಒಳಗೆ ಬರಬೇಕು. ಆಟ ಸರಳವಾಗಿ ಕಂಡರೂ ಇಲ್ಲಿ ತರಬೇತುದಾರರು ನೋಡಬೇಕಾದದ್ದು ಬಹಳವಿದೆ. ಚೆಂಡು ಬರುವ ಮೊದಲೇ ಆಟಗಾರ ತಲೆ ಎತ್ತಿ ಸುತ್ತ ನೋಡಿದನೇ? ದೇಹವನ್ನು ಅರೆ ತಿರುಗಿಸಿ, ಚೆಂಡು ಬರುವ ದಿಕ್ಕಿನಿಂದ ದೂರವಿರುವ ಕಾಲಿನಲ್ಲಿ ತಡೆದನೇ? ಹಾಗೆ ತಡೆದವನಿಗೆ ಎದುರಿನ ಎರಡು ದಾರಿಗಳೂ ತೆರೆದಿರುತ್ತವೆ. ಹತ್ತಿರದ ಕಾಲಿನಲ್ಲಿ ತಡೆದವನಿಗೆ ಬಂದ ದಾರಿಯಲ್ಲೇ ಹಿಂದಿರುಗಿಸುವುದೊಂದೇ ಉಳಿಯುತ್ತದೆ. ತಪ್ಪು ಕಂಡಾಗ ಆಟ ನಿಲ್ಲಿಸಿ, ಅದೇ ಜಾಗದಲ್ಲಿ ಅದೇ ಹುಡುಗನಿಂದ ಇನ್ನೊಮ್ಮೆ ಮಾಡಿಸಿ, ಅರ್ಧ ನಿಮಿಷದೊಳಗೆ ಆಟ ಮುಂದುವರಿಸಿ. ಸುಲಭವೆನಿಸಿದಾಗ ಎರಡೇ ಸ್ಪರ್ಶವೆಂಬ ಕಟ್ಟುಪಾಡು ಹಾಕಿ. ಕಷ್ಟವೆನಿಸಿದರೆ ಚೌಕವನ್ನು ಹಿಗ್ಗಿಸಿ.

ತೊಂಬತ್ತು ನಿಮಿಷಗಳ ಅಭ್ಯಾಸದಲ್ಲಿ ಮೊದಲ ಹದಿನೈದು ನಿಮಿಷ ಚೆಂಡಿನೊಂದಿಗೇ ಮೈ ಬಿಸಿ ಮಾಡಿಕೊಳ್ಳಲು, ಮುಂದಿನ ಇಪ್ಪತ್ತು ನಿಮಿಷ ಮೇಲೆ ಹೇಳಿದ ಚೌಕದ ಆಟಕ್ಕೆ, ಇಪ್ಪತ್ತೈದು ನಿಮಿಷ ನಾಲ್ವರಿಗೆ ನಾಲ್ವರ ಚಿಕ್ಕ ಪಂದ್ಯಕ್ಕೆ, ಇಪ್ಪತ್ತು ನಿಮಿಷ ಪೂರ್ಣ ಪಂದ್ಯಕ್ಕೆ, ಕೊನೆಯ ಹತ್ತು ನಿಮಿಷ ನಿಧಾನ ಓಟ ಮತ್ತು ಮಾತುಕತೆಗೆ ಇರಲಿ. ಚಿಕ್ಕ ಪಂದ್ಯದ ನಿಯಮವು ಆ ದಿನದ ಉದ್ದೇಶಕ್ಕೆ ಹೊಂದಬೇಕು. ತಂಡವೆಲ್ಲ ಮೈದಾನದ ನಡುವೆ ಗುಂಪುಗೂಡುತ್ತಿದ್ದರೆ ಪ್ರತಿ ತಂಡಕ್ಕೆ ಎರಡು ಮೂಲೆಗಳಲ್ಲಿ ಎರಡು ಚಿಕ್ಕ ಗೋಲುಗಳನ್ನಿಡಿ. ಒಂದು ಬದಿ ಮುಚ್ಚಿದಾಗ ಇನ್ನೊಂದು ಬದಿಗೆ ಚೆಂಡು ದಾಟಿಸುವುದನ್ನು ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ. ಪೂರ್ಣ ಪಂದ್ಯದ ವೇಳೆ ತರಬೇತುದಾರರು ಮಾತನಾಡದಿರುವುದು ಉತ್ತಮ, ಏಕೆಂದರೆ ಕಲಿತದ್ದು ಉಳಿದಿದೆಯೇ ಎಂಬುದು ತಿಳಿಯುವುದು ಆಗಲೇ.

ಕೊಡಗಿನಲ್ಲಿ ಹಾಕಿ ಆಡಿಕೊಂಡೇ ಫುಟ್‌ಬಾಲಿಗೆ ಬರುವ ಮಕ್ಕಳಿಗೆ ಪ್ರತ್ಯೇಕ ಗಮನ ಬೇಕು. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು ನೋಡುತ್ತ ಬೆಳೆದ ಹುಡುಗನಿಗೆ ತ್ರಿಕೋನದಲ್ಲಿ ಪಾಸ್ ಮಾಡುವುದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಹಾಕಿಯಲ್ಲಿ 1990ರ ದಶಕದಲ್ಲೇ ಆಫ್‌ಸೈಡ್ ನಿಯಮವನ್ನು (ಸಹ ಆಟಗಾರ ಚೆಂಡು ಒದೆಯುವ ಕ್ಷಣದಲ್ಲಿ ಎದುರಾಳಿಯ ರಕ್ಷಕರನ್ನು ದಾಟಿ ಗೋಲಿನ ಬಳಿ ನಿಂತಿರಬಾರದೆಂಬ, ಫುಟ್‌ಬಾಲಿನಲ್ಲಿ ಈಗಲೂ ಇರುವ ನಿಯಮ) ಕೈಬಿಟ್ಟಿರುವುದರಿಂದ ಅವನು ಅಭ್ಯಾಸಬಲದಿಂದ ಎದುರಾಳಿಯ ಗೋಲಿನ ಬಳಿಯೇ ಕಾಯುತ್ತಾನೆ. ಅವನನ್ನು ಗದರಬೇಡಿ. ಇಬ್ಬರು ರಕ್ಷಕರನ್ನು ನಿಲ್ಲಿಸಿ, ಸಹ ಆಟಗಾರನ ಕಾಲಿನಿಂದ ಚೆಂಡು ಹೊರಟ ಕ್ಷಣದಲ್ಲಿ ಅವರನ್ನು ದಾಟಿ ಓಡುವುದನ್ನು ನಡಿಗೆಯ ವೇಗದಲ್ಲಿ ತೋರಿಸಿ, ಅನಂತರ ಓಟದಲ್ಲಿ ಮಾಡಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಯೋಜನೆಯೊಳಗೇ ಸೇರಿಸಿಕೊಳ್ಳಬೇಕು. ಮಡಿಕೇರಿ, ಭಾಗಮಂಡಲದ ಕಡೆ ಸುರಿಯುವಷ್ಟು ಮಳೆ ಕುಶಾಲನಗರದ ಕಡೆ ಇರುವುದಿಲ್ಲವಾದ್ದರಿಂದ ಎಲ್ಲರಿಗೂ ಒಂದೇ ವೇಳಾಪಟ್ಟಿ ಒಗ್ಗದು. ಒದ್ದೆ ಹುಲ್ಲಿನ ಮೇಲೆ ಚೆಂಡು ಜಾರಿ ವೇಗವಾಗಿ ಬರುತ್ತದೆ, ನೀರು ನಿಂತ ಕಡೆ ತಟಕ್ಕನೆ ನಿಲ್ಲುತ್ತದೆ. ಅಂಥ ದಿನ ಉದ್ದದ ನೆಲಪಾಸ್ ಬಿಟ್ಟು ಹತ್ತಿರದ ಪಾಸ್ ಮತ್ತು ಚೆಂಡು ತಡೆಯುವುದನ್ನು ಅಭ್ಯಾಸ ಮಾಡಿಸಿ. ಮೈದಾನ ಕೆಸರಾದರೆ ಶಾಲೆಯ ಜಗಲಿಯ ಗೋಡೆಗೆ ಎರಡೂ ಕಾಲುಗಳಿಂದ ಪಾಸ್ ಮಾಡಿ ಮರಳಿ ತಡೆಯುವ ಅಭ್ಯಾಸ ಸಾಕು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಇದಕ್ಕಿಂತ ಅಪಾಯಕಾರಿ. ಗುಡುಗು ಕೇಳಿಸಿದ ಕೂಡಲೇ ಮಕ್ಕಳನ್ನು ಮರದಡಿಗಲ್ಲ, ಕಟ್ಟಡದೊಳಗೆ ಕರೆದೊಯ್ಯಿರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬಿಡಬೇಡಿ.

ಹನ್ನೆರಡು ವರ್ಷದೊಳಗಿನವರಿಗೆ 4ನೇ ಅಳತೆಯ ಚೆಂಡನ್ನೇ ಕೊಡಿ, ಮೈದಾನದ ಸುತ್ತ ಬರಿದೇ ಓಡಿಸಬೇಡಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಕೆಲಸ ಮುಗಿಸಿ ಬರುವ ದೊಡ್ಡ ಹುಡುಗರಿಗೆ ಅಭ್ಯಾಸವನ್ನು ಒಂದು ಗಂಟೆಗೆ ಇಳಿಸಿ, ಚೌಕದ ಆಟವನ್ನು ಉಳಿಸಿಕೊಂಡು ಪೂರ್ಣ ಪಂದ್ಯವನ್ನು ಬಿಡಬಹುದು. ಅಭ್ಯಾಸ ಮುಗಿದ ಮೇಲೆ ಚೆಂಡುಗಳನ್ನು ಎಣಿಸಿ ಚೀಲಕ್ಕೆ ಹಾಕುವಾಗಲೇ, ಆ ದಿನ ಯಾರು ಸುತ್ತ ನೋಡಿ ಚೆಂಡು ತಡೆದರು, ಯಾರಿಗೆ ಇನ್ನೂ ಆಗಲಿಲ್ಲ ಎಂಬುದನ್ನು ಹೆಸರಿನ ಮುಂದೆ ಬರೆದಿಡಿ. ಮುಂದಿನ ಬಾರಿ ಗುಂಪು ಮಾಡುವಾಗ ಆಗದವನ ಪಕ್ಕದಲ್ಲಿ ಆದವನನ್ನು ನಿಲ್ಲಿಸಬೇಕು.