ಗೆನ್‌ಶಿನ್ ಇಂಪ್ಯಾಕ್ಟ್: ಪಾತ್ರಗಳ ಶ್ರೇಯಾಂಕ ಪಟ್ಟಿಯನ್ನು ಸಿದ್ಧಪಡಿಸುವ ಕ್ರಮ

2020ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಗೆನ್‌ಶಿನ್ ಇಂಪ್ಯಾಕ್ಟ್ ವಿಡಿಯೋ ಆಟದಲ್ಲಿ ಎಲ್ಲ ಪಾತ್ರಗಳನ್ನೂ ಬೆಳೆಸುವಷ್ಟು ಸಾಮಗ್ರಿ ಹೊಸ ಆಟಗಾರರ ಬಳಿ ಇರುವುದಿಲ್ಲವಾದ್ದರಿಂದ, ಯಾರನ್ನು ಮೊದಲು ಬೆಳೆಸಬೇಕೆಂದು ತಿಳಿಸುವ ಟಿಯರ್ ಲಿಸ್ಟ್ (ಶ್ರೇಯಾಂಕ ಪಟ್ಟಿ) ನಿಜಕ್ಕೂ ಉಪಕಾರಿ. ಆದರೆ ಅನೇಕ ಪಟ್ಟಿಗಳು ಒಂದೇ ಏಟಿಗೆ ಪರದೆಯ ಮೇಲೆ ಮೂಡುವ ದೊಡ್ಡ ಅಂಕಿಯನ್ನೇ ನಂಬಿ ಮೋಸಹೋಗುತ್ತವೆ. ಒಂದು ಪಾತ್ರದಿಂದ ಎಷ್ಟು ಬಗೆಯ ತಂಡಗಳಿಗೆ ಬಲ ಬರುತ್ತದೆ, ಆ ಬಲಕ್ಕೆ ನಾವು ತೆರುವ ಬೆಲೆಯೆಷ್ಟು ಎಂಬ ಎರಡು ಪ್ರಶ್ನೆಗಳಿಂದಲೇ ಪಟ್ಟಿ ಆರಂಭವಾಗಬೇಕು.

ಮೊದಲು ಪಾತ್ರಗಳನ್ನು ಅವುಗಳ ಕೆಲಸಕ್ಕೆ ತಕ್ಕಂತೆ ಬೇರ್ಪಡಿಸಿ: ಮುಖ್ಯ ಡ್ಯಾಮೇಜ್ ಕೊಡುವವರು, ಮರೆಯಲ್ಲಿದ್ದೇ (ತಂಡದ ಇನ್ನೊಂದು ಪಾತ್ರ ಕಣದಲ್ಲಿರುವಾಗ) ಡ್ಯಾಮೇಜ್ ಕೊಡುವವರು, ಸಪೋರ್ಟ್ ಮಾಡುವವರು, ಹೀಲ್ (ಜೀವಬಲ ತುಂಬುವುದು) ಅಥವಾ ಶೀಲ್ಡ್ (ರಕ್ಷಾಕವಚ) ಒದಗಿಸುವವರು. ಹೋಲಿಕೆ ಒಂದೇ ಗುಂಪಿನೊಳಗೆ ನಡೆದರೆ ಮಾತ್ರ ನ್ಯಾಯವಾದೀತು. ಶೀಲ್ಡ್ ಕೊಡುವ ಝೋಂಗ್ಲಿಯನ್ನು ಹು ಟಾವೋಳ ಡ್ಯಾಮೇಜಿನೊಂದಿಗೆ ತೂಗುವುದರಲ್ಲಿ ಅರ್ಥವಿಲ್ಲ.

ಬೆನೆಟ್‌ನನ್ನು ಗಮನಿಸಿ. ನಾಲ್ಕು ನಕ್ಷತ್ರಗಳ (ಐದು ನಕ್ಷತ್ರದವರು ಇನ್ನೂ ಅಪರೂಪ) ಈ ಪಾತ್ರದ ಬರ್ಸ್ಟ್, ಅಂದರೆ ಎನರ್ಜಿ ತುಂಬಿದಾಗ ಬಳಸುವ ವಿಶೇಷ ಶಕ್ತಿ, 12 ಸೆಕೆಂಡುಗಳ ಕಾಲ ನೆಲದ ಮೇಲೊಂದು ವಲಯವನ್ನು ಉಳಿಸುತ್ತದೆ. ಅದರೊಳಗೆ ನಿಂತವರ ಜೀವಬಲ ಶೇ. 70ಕ್ಕಿಂತ ಕಡಿಮೆಯಿದ್ದರೆ ಹೀಲ್ ಆಗುತ್ತದೆ, ಹೆಚ್ಚಿದ್ದರೆ ದಾಳಿಯ ಬಲ ಏರುತ್ತದೆ. ಅದರ ಕೂಲ್‌ಡೌನ್ (ಮತ್ತೆ ಬಳಸುವ ಮುನ್ನ ಕಾಯಬೇಕಾದ ಅವಧಿ) 15 ಸೆಕೆಂಡು ಮಾತ್ರ. ಒಂದೇ ಪಾತ್ರ ಎರಡು ಕೆಲಸ ಮಾಡುವುದರಿಂದ ತಂಡದಲ್ಲಿ ಒಂದು ಸ್ಥಾನ ಉಳಿತಾಯವಾಗುತ್ತದೆ. ನನ್ನ ಪಟ್ಟಿಯಲ್ಲಿ ಬೆನೆಟ್ ಎಷ್ಟೋ ಐದು ನಕ್ಷತ್ರದವರಿಗಿಂತ ಮೇಲಿರುವುದು ಈ ಕಾರಣಕ್ಕೆ. ಶಿಂಗ್‌ಚ್ಯೂ ಸಹ ಹಾಗೆಯೇ: ತಾನು ಮರೆಗೆ ಸರಿದ ಮೇಲೂ ನೀರಿನ ದಾಳಿಯನ್ನು ಮುಂದುವರಿಸಿ, ಬೆಂಕಿಯ ಪಾತ್ರಗಳಿಗೆ ವೇಪರೈಸ್ (ನೀರು-ಬೆಂಕಿ ಸೇರಿದಾಗಿನ) ಪ್ರತಿಕ್ರಿಯೆಯ 1.5 ಪಟ್ಟು ಡ್ಯಾಮೇಜ್ ದೊರಕಿಸುತ್ತಾನೆ.

ಬೆಲೆಯ ವಿಚಾರವನ್ನು ಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಿಸಿ. ಒಂದು ವಿಶ್‌ಗೆ (ಪಾತ್ರ ಅಥವಾ ಆಯುಧ ಪಡೆಯಲು ಅದೃಷ್ಟ ಪರೀಕ್ಷಿಸುವ ಒಂದು ಎಳೆತಕ್ಕೆ) ಆಟದ ನಾಣ್ಯವಾದ ಪ್ರೈಮೊಜೆಮ್ 160 ಬೇಕು. ಪಾತ್ರಗಳ ಬ್ಯಾನರ್‌ನಲ್ಲಿ (ವಿಶ್ ಮಾಡುವ ಪಟ್ಟಿಯಲ್ಲಿ) ಐದು ನಕ್ಷತ್ರದ ಪಾತ್ರ ಖಚಿತವಾಗುವುದು 90ನೆಯ ವಿಶ್‌ಗೆ, ಅದು ಕೂಡ ನಮಗೆ ಬೇಕಾದವರೇ ಆಗಿರುತ್ತಾರೆಂಬ ಭರವಸೆಯಿಲ್ಲ. ಆದ್ದರಿಂದ ಪ್ರತಿ ಪಾತ್ರವನ್ನೂ ಕಾನ್ಸ್ಟಲೇಶನ್ ಸೊನ್ನೆಯಲ್ಲಿ (ಅದೇ ಪಾತ್ರ ಮತ್ತೆ ಸಿಕ್ಕಾಗ ತೆರೆಯುವ ಹೆಚ್ಚುವರಿ ಬಲವಿಲ್ಲದೆ), ಸುಲಭವಾಗಿ ಸಿಗುವ ಆಯುಧದೊಂದಿಗೆ ಅಳೆಯಿರಿ. ಮಹಡಿ ಮಹಡಿಯಾಗಿ ಏರುವ ಯುದ್ಧದ ಸವಾಲಾದ ಸ್ಪೈರಲ್ ಅಬಿಸ್‌ನ ಮೂರನೆಯ ಮಹಡಿಯ ಮೂರನೆಯ ಕೋಣೆಯನ್ನು ಗೆದ್ದವರಿಗೆ ಉಚಿತವಾಗಿ ಸಿಗುವ ಶಿಯಾಂಗ್ಲಿಂಗ್‌ಳಂಥ ಪಾತ್ರಕ್ಕೆ ಈ ಅಳತೆಯಲ್ಲಿ ತಕ್ಕ ಮನ್ನಣೆ ದೊರೆಯುತ್ತದೆ. ಆದರೂ ಆಕೆಯ ಬರ್ಸ್ಟ್‌ಗೆ 80 ಎನರ್ಜಿ ಬೇಕೆಂಬುದನ್ನೂ, ಅದನ್ನು ತುಂಬಿಸಲು ಬೆನೆಟ್‌ನಂಥ ಜೊತೆಗಾರ ಅಗತ್ಯವೆಂಬುದನ್ನೂ ಪಕ್ಕದಲ್ಲೇ ಬರೆಯಬೇಕು.

ಬಳಿಕ ಪರೀಕ್ಷೆ. ಅಬಿಸ್‌ನ ಕಠಿಣ ಮಹಡಿಗಳಲ್ಲಿ ತಲಾ ನಾಲ್ವರ ಎರಡು ತಂಡಗಳು ಬೇಕಾಗಿದ್ದು, ಒಬ್ಬರನ್ನೇ ಎರಡರಲ್ಲೂ ಇಳಿಸಲಾಗದು. ಯಾರನ್ನು ತೆಗೆದರೆ ತಂಡ ಹೆಚ್ಚು ಕುಸಿಯುತ್ತದೆಯೋ ಅವರ ಸ್ಥಾನವೇ ಮೇಲು.

ಕೋ-ಆಪ್‌ಗೆ (ಹಲವು ಆಟಗಾರರು ಒಟ್ಟಾಗಿ ಆಡುವ ಬಗೆಗೆ) ಪ್ರತ್ಯೇಕ ಪಟ್ಟಿ ಮಾಡಿ. ನಾಲ್ವರು ಸೇರಿದಾಗ ಪ್ರತಿಯೊಬ್ಬರಿಗೂ ಒಂದೇ ಪಾತ್ರ ಸಿಗುವುದರಿಂದ, ಮರೆಯಲ್ಲಿದ್ದು ದುಡಿಯುವವರ ಮೌಲ್ಯ ಅಲ್ಲಿ ಇಳಿಯುತ್ತದೆ. ಯಾರು ಬಂದರೂ ಹೊಂದಿಕೊಂಡು, ಜೊತೆಗಾರರನ್ನು ಬದುಕಿಸುವ ಪಾತ್ರಗಳು ಮೇಲೇರುತ್ತವೆ. ಹೊಸ ಆವೃತ್ತಿ ಬಂದಾಗಲೆಲ್ಲ ಎರಡೂ ಪಟ್ಟಿಗಳನ್ನು ಮತ್ತೆ ಪರಿಶೀಲಿಸಿ, ಆವೃತ್ತಿಯ ಸಂಖ್ಯೆಯನ್ನು ತಲೆಬರಹದಲ್ಲೇ ಹಾಕಿ.