ಅಮೆರಿಕದ ಯೂನಿವರ್ಸಿಟಿ ಕರೆದಿದೆಯಾ? ವೀಸಾಕ್ಕೆ ಓಡುವ ಮೊದಲು 4ನೇ ಬಾಕ್ಸ್ ಓದಿ

ನಾನು ಕಾಸರಗೋಡಿನ ಬದಿಯಡ್ಕದಿಂದ ವಿಸಿಟಿಂಗ್ ಸ್ಕಾಲರ್ ಆಗಿ ಅಮೆರಿಕಕ್ಕೆ ಹೋಗಿ ಬಂದವ ಅಂತ ಊರಲ್ಲಿ ಗೊತ್ತಾದ ಮೇಲೆ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ, "ಸರ್, ಇಂಟರ್‌ವ್ಯೂನಲ್ಲಿ ಎಂತ ಕೇಳ್ತಾರೆ?" ಮಾರಾಯ್ರೆ, ಇಂಟರ್‌ವ್ಯೂ ಎರಡು ಮೂರು ನಿಮಿಷದ ಕತೆ. ನಿಜವಾದ ಆಟ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿರ್ತದೆ. ಅಲ್ಲಿಯ ಯೂನಿವರ್ಸಿಟಿ ನಿಮಗೆ ಡಿಎಸ್-2019 ಅಂತ ಒಂದು ಪೇಪರ್ ಕಳಿಸ್ತದೆ, ಅದರ 4ನೇ ಬಾಕ್ಸ್‌ನಲ್ಲಿ ನಿಮ್ಮ ಕೆಟಗರಿ ಬರೆದಿರ್ತದೆ, ಅದನ್ನು ನಾನು ಓದ್ಲಿಲ್ಲ, ಓದದ್ದಕ್ಕೆ ಎರಡು ವರ್ಷ ಸುಮ್ಮನೆ ಕೂತೆ.

ಮೊದಲು ಒಂದು ವಿಷಯ. ಬರೀ ಒಂದು ಲೆಕ್ಚರ್ ಕೊಟ್ಟು ಬರ್ಲಿಕ್ಕೆ ಹೋಗುವುದಾದ್ರೆ ಇಷ್ಟೆಲ್ಲ ಬೇಡ, ಬಿ-1 ವಿಸಿಟರ್ ವೀಸಾ ಸಾಕು. ಅದರಲ್ಲಿ ಯೂನಿವರ್ಸಿಟಿಗಳಿಂದ ಗೌರವಧನ ಕೂಡ ತಗೊಳ್ಬಹುದು, ಆದ್ರೆ ಒಂದು ಕಡೆ 9 ದಿನಕ್ಕಿಂತ ಹೆಚ್ಚಿಲ್ಲ, 6 ತಿಂಗಳಲ್ಲಿ 5 ಸಂಸ್ಥೆಗಿಂತ ಹೆಚ್ಚಿಲ್ಲ. ತಿಂಗಳುಗಟ್ಟಲೆ ಲ್ಯಾಬ್‌ನಲ್ಲಿ ಕೂತು ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಜೆ-1, ಅಂದ್ರೆ ಎಕ್ಸ್‌ಚೇಂಜ್ ವಿಸಿಟರ್ ವೀಸಾ.

ಆ 4ನೇ ಬಾಕ್ಸ್

ಜೆ-1ರಲ್ಲಿ ನಮ್ಮಂಥವರಿಗೆ ಬರುವುದು ಹೆಚ್ಚಾಗಿ ಎರಡು. ಶಾರ್ಟ್ ಟರ್ಮ್ ಸ್ಕಾಲರ್ ಅಂದ್ರೆ ಹೆಚ್ಚೆಂದ್ರೆ 6 ತಿಂಗಳು, ಅದರ ಮೇಲೆ ಒಂದು ದಿನವೂ ಎಳೀಲಿಕ್ಕೆ ಆಗುದಿಲ್ಲ. ರಿಸರ್ಚ್ ಸ್ಕಾಲರ್ ಅಂದ್ರೆ 5 ವರ್ಷದವರೆಗೆ, ಪ್ರೊಫೆಸರ್ ಕೆಟಗರಿಗೂ ಅಷ್ಟೇ. ಕೇಳ್ಲಿಕ್ಕೆ ರಿಸರ್ಚ್ ಸ್ಕಾಲರ್ ಅಂತ ಗತ್ತಾಗಿ ಉಂಟು ಅಲ್ವಾ, ನನಗೂ ಹಾಗೇ ಅನ್ನಿಸಿತ್ತು. ನಾನು ಹೋದದ್ದು ಅಡಿಕೆಯ ಕೊಳೆರೋಗದ ಕೆಲಸಕ್ಕೆ, ನಾಲ್ಕೇ ತಿಂಗಳು, ಅಲ್ಲಿಯವರು ರಿಸರ್ಚ್ ಸ್ಕಾಲರ್ ಅಂತ ಹಾಕಿ ಕಳಿಸಿದ್ರು, ನಾನು ಸ್ಪೆಲ್ಲಿಂಗ್ ಮಾತ್ರ ನೋಡಿ ಸೈನ್ ಹಾಕಿದೆ. ಮರುವರ್ಷ ಅದೇ ಲ್ಯಾಬ್‌ನವರು ಒಂದು ವರ್ಷಕ್ಕೆ ಬಾ ಅಂತ ಕರೆದಾಗ ಗೊತ್ತಾಯ್ತು, ಆ ಕೆಟಗರಿಯಲ್ಲಿ ಪ್ರೋಗ್ರಾಂ ಒಮ್ಮೆ ಮುಗೀತು ಅಂದ್ರೆ ಮತ್ತೆ ರಿಸರ್ಚ್ ಸ್ಕಾಲರ್ ಆಗಿ ಅಥವಾ ಪ್ರೊಫೆಸರ್ ಆಗಿ ಹೋಗ್ಲಿಕ್ಕೆ 24 ತಿಂಗಳು ಕಾಯ್ಬೇಕು. ನೀವು ಐದು ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಬಳಸಿದ್ದು ಅಂತ ಲೆಕ್ಕಕ್ಕೇ ಇಲ್ಲ. ಶಾರ್ಟ್ ಟರ್ಮ್ ಸ್ಕಾಲರ್‌ಗೆ ಈ ಕಟ್ಟು ಇಲ್ಲ. ಹಾಗಾಗಿ 6 ತಿಂಗಳೊಳಗಿನ ಕೆಲಸ ಆದ್ರೆ, ಮತ್ತೆ ಹೋಗುವ ಆಸೆ ಇದ್ರೆ, ಪೇಪರ್ ತಯಾರಾಗುವ ಮೊದಲೇ ಅಲ್ಲಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಹಾಕಿ ಶಾರ್ಟ್ ಟರ್ಮ್ ಕೊಡಿ ಅಂತ ಕೇಳಿ. ಕರೆದ ಪ್ರೊಫೆಸರನ್ನು ಕೇಳಿ ಪ್ರಯೋಜನ ಇಲ್ಲ, ಅವರಿಗೆ ಹೆಚ್ಚಿನ ಸಲ ಇದು ಗೊತ್ತೇ ಇರುದಿಲ್ಲ.

ಇದರ ಜೊತೆ ಜನ ಗಲಿಬಿಲಿ ಮಾಡಿಕೊಳ್ಳುವ ಇನ್ನೊಂದು ಎರಡು ವರ್ಷ ಉಂಟು, ಅದು ಬೇರೆಯೇ. ಸರ್ಕಾರದ ದುಡ್ಡಲ್ಲಿ (ಅಮೆರಿಕದ್ದಾಗ್ಲಿ ನಮ್ಮದಾಗ್ಲಿ, ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಥರದ್ದು) ಹೋದವರು ಎರಡು ವರ್ಷ ಭಾರತದಲ್ಲಿ ಇದ್ದ ಮೇಲೆಯೇ ಎಚ್-1ಬಿ, ಎಲ್ ಅನ್ನುವ ಕೆಲಸದ ವೀಸಾ ಅಥವಾ ಗ್ರೀನ್ ಕಾರ್ಡ್ ಕೇಳ್ಬಹುದು. ಸ್ಕಿಲ್ಸ್ ಲಿಸ್ಟ್ ಅಂತ ಒಂದು ಪಟ್ಟಿಯ (ಯಾವ ದೇಶಕ್ಕೆ ಯಾವ ವಿದ್ಯೆಯವರು ಬೇಕು ಅಂತ ಅಮೆರಿಕದವರು ಮಾಡಿದ್ದು) ಕಾರಣಕ್ಕೂ ಮೊದಲು ಇದು ಬೀಳ್ತಿತ್ತು, 2024ರ ಡಿಸೆಂಬರ್ 9ರಿಂದ ಆ ಪಟ್ಟಿಯಲ್ಲಿ ಭಾರತ ಇಲ್ಲ, ಮೊದಲು ಹೋದವರಿಗೂ ಆ ರಿಯಾಯಿತಿ ಸಿಕ್ತದೆ. ನಿಮ್ಮ ಪರಿಚಯದವರು ಯಾರಾದ್ರೂ ಹಳೇ ಲೆಕ್ಕದಲ್ಲಿ ಹೆದರಿ ಕೂತಿದ್ರೆ ಹೇಳಿ.

ಹೆಸರಿನ ರಗಳೆ

ಯೂನಿವರ್ಸಿಟಿ ಕೇಳುವುದು ಪಾಸ್‌ಪೋರ್ಟ್ ಕಾಪಿ, ಸಿವಿ, ಖರ್ಚಿಗೆ ದುಡ್ಡುಂಟು ಅನ್ನುವ ಬ್ಯಾಂಕ್ ಪತ್ರ, ಇಂಗ್ಲಿಷ್ ಬರ್ತದೆ ಅನ್ನುವುದಕ್ಕೆ ಆಧಾರ. ಕನ್ನಡ ಮೀಡಿಯಂನವರು ಕೊನೆಯದಕ್ಕೆ ಹೆದರ್ಬೇಡಿ, ಟೆಸ್ಟೇ ಆಗ್ಬೇಕು ಅಂತಿಲ್ಲ, ಅವರೇ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿ ಬರೆದಿಟ್ಟುಕೊಂಡ್ರೂ ಸಾಕಾಗ್ತದೆ.

ಹೆದರ್ಬೇಕಾದ್ದು ಹೆಸರಿಗೆ. ನಮ್ಮ ಕಾಸರಗೋಡಿನ ಹೆಸರು ಗೊತ್ತುಂಟಲ್ಲ, ಎಸ್‌ಎಸ್‌ಎಲ್‌ಸಿ ಬುಕ್ಕಲ್ಲಿ ಹೆಸರಿನ ಹಿಂದೆ ಒಂದು ಅಕ್ಷರ, ರೇಷನ್ ಕಾರ್ಡಲ್ಲಿ ಮಲಯಾಳಕ್ಕೆ ಹೋಗಿ ವಾಪಸ್ ಬಂದ ಸ್ಪೆಲ್ಲಿಂಗ್, ಮದುವೆ ಸರ್ಟಿಫಿಕೇಟಲ್ಲಿ ಮನೆ ಹೆಸರು ಸೇರಿಸಿದ್ದು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ರೆ ಅಮೆರಿಕದವರು ನಿಮ್ಮ ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕ್ತಾರೆ, ಅಂದ್ರೆ ಹೆಸರು ಗೊತ್ತಿಲ್ಲ ಅಂತ. ನನಗೆ ಹಾಗೇ ಆಯ್ತು. ಅಲ್ಲಿ ಕ್ಲಿನಿಕ್‌ಗೆ ಹೋಗಿ ಕೂತಿದ್ರೆ ನರ್ಸ್ ಬಂದು "ಫ್ನೂ? ಫ್ನೂ?" ಅಂತ ಕರೀತಿದ್ದಾಳೆ, ನಾನು ಯಾರೋ ಚೀನಾದವನನ್ನು ಕರೀತಾಳೆ ಅಂತ ಸುಮ್ಮನೆ ಕೂತಿದ್ದೆ. ಪಾಸ್‌ಪೋರ್ಟನ್ನೇ ಮೊದಲು ಸರಿ ಮಾಡಿಸಿಕೊಳ್ಳಿ, ಡಿಎಸ್-2019 ಬಂದ ಮೇಲೆ ಮಾಡಿಸಿದ್ರೆ ಎರಡೆರಡು ಕೆಲಸ. ಹೆಂಡತಿ, ಗಂಡ, ಮಕ್ಕಳು ಜೆ-2ರಲ್ಲಿ ಬರುವುದಾದ್ರೆ ಅವರಿಗೆ ಬೇರೆ ಬೇರೆ ಡಿಎಸ್-2019, ಸರ್ಟಿಫಿಕೇಟ್ ಮಲಯಾಳದಲ್ಲಿದ್ರೆ ಇಂಗ್ಲಿಷ್ ಅನುವಾದ.

ಚೆನ್ನೈ ಮೇಲ್

ಪೇಪರ್ ಬಂತು ಅಂತ ಇಟ್ಟುಕೊಳ್ಳುವ. ಅದರಲ್ಲಿರುವ ಸೆವಿಸ್ (ನಮ್ಮಂಥವರ ಲೆಕ್ಕ ಇಡುವ ಅಮೆರಿಕ ಸರ್ಕಾರದ ಕಂಪ್ಯೂಟರ್ ದಾಖಲೆ) ನಂಬರ್ ಹಾಕಿ 220 ಡಾಲರ್ ಫೀ ಕಟ್ಟಿ, ರಸೀದಿ ಪ್ರಿಂಟ್ ತೆಗೀರಿ. ಆಮೇಲೆ ಡಿಎಸ್-160 ಅಂತ ಆನ್‌ಲೈನ್ ಅರ್ಜಿ, ಅದಕ್ಕೆ ವೀಸಾ ಫೀ 185 ಡಾಲರ್ ಬೇರೆ. 2025ರ ಜೂನ್‌ನಿಂದ ಜೆ ವೀಸಾದವರು ಸೋಶಿಯಲ್ ಮೀಡಿಯಾ ಅಕೌಂಟ್ ಎಲ್ಲ ಪಬ್ಲಿಕ್ ಇಡ್ಬೇಕು ಅಂತ ಮಾಡಿದ್ದಾರೆ, ಹಳೇ ಅಕೌಂಟ್ ಮರೆತು ಬಿಟ್ಟು ಅರ್ಜಿ ತುಂಬ್ಬೇಡಿ.

ಇಂಟರ್‌ವ್ಯೂಗೆ ನಮಗೆ ಹತ್ತಿರ ಅಂದ್ರೆ ಚೆನ್ನೈ. ಕಾಸರಗೋಡಿನಲ್ಲಿ ಮಧ್ಯಾಹ್ನ ಚೆನ್ನೈ ಮೇಲ್ ರೈಲು ಹತ್ತಿದ್ರೆ ಬೆಳಗಾಗುವಾಗ ಅಲ್ಲಿ. ಒಂದು ದಿನ ಬೆರಳಚ್ಚು ಫೋಟೋಕ್ಕೆ, ಅದು ಬೇರೆ ಸೆಂಟರ್, ಇನ್ನೊಂದು ದಿನ ಜೆಮಿನಿ ಫ್ಲೈಓವರ್ ಪಕ್ಕದ ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ. ಮೊಬೈಲ್ ಒಳಗೆ ಬಿಡುದಿಲ್ಲ, ರೂಮಲ್ಲೇ ಇಟ್ಟು ಹೋಗಿ. ಅಡಿಕೆ ಅಂದ್ರೆ ಆಫೀಸರಿಗೆ ತಲೆ ಬುಡ ಗೊತ್ತಾಗ್ಲಿಲ್ಲ, "ಮಳೆಗಾಲದಲ್ಲಿ ಫಂಗಸ್ ಥರದ ಒಂದು ಜೀವಿ ಬಂದು ನಮ್ಮ ಊರಿನ ಬೆಳೆ ಉದುರಿಸ್ತದೆ, ಅದರ ಡಿಎನ್‌ಎ ಓದ್ಲಿಕ್ಕೆ ಹೋಗ್ತಿದ್ದೇನೆ, ತಿರುಗಿ ಬಂದು ಕಾಲೇಜಿಗೆ ಸೇರ್ತೇನೆ" ಅಂದೆ, ಅಷ್ಟೇ. ನಿಮ್ಮ ಸಂಶೋಧನೆಯನ್ನು ಪಕ್ಕದ ಮನೆಯವರಿಗೆ ಹೇಳುವ ಹಾಗೆ ಎರಡು ವಾಕ್ಯದಲ್ಲಿ ಹೇಳ್ಲಿಕ್ಕೆ ರೆಡಿ ಇರಿ. ಸೈನ್ಸ್‌ನವರಿಗೆ 221(ಜಿ) ಅಂತ ಒಂದು ಚೀಟಿ ಕೊಟ್ಟು ಕಳಿಸುವುದುಂಟು, ಇನ್ನೂ ಪರಿಶೀಲನೆ ಉಂಟು ಅಂತ ಅದರ ಅರ್ಥ. ಅದಕ್ಕೇ ವೀಸಾ ಕೈಗೆ ಬರುವ ಮೊದಲು ಟಿಕೆಟ್ ಮಾಡ್ಬೇಡಿ.

ಪ್ರೋಗ್ರಾಂ ಶುರುವಾಗುವ ತಾರೀಕಿಗಿಂತ ಹೆಚ್ಚೆಂದ್ರೆ 30 ದಿನ ಮೊದಲು ಮಾತ್ರ ಒಳಗೆ ಬಿಡ್ತಾರೆ. ಡಿಎಸ್-2019 ಕೈಚೀಲದಲ್ಲಿ ಇರ್ಲಿ, ಚೆಕ್‌ಇನ್ ಸೂಟ್‌ಕೇಸಲ್ಲಿ ಹಾಕಿದ್ರೆ ಇಮಿಗ್ರೇಷನ್ ಕೌಂಟರಲ್ಲಿ ಬಾಯಿ ಬಾಯಿ ಬಿಡ್ಬೇಕಾಗ್ತದೆ. ರೋಗ ಬಂದ ಎಲೆ, ಬೀಜ, ತೋಟದ ಮಣ್ಣು ಎಂತದ್ದೂ ಪರ್ಮಿಟ್ ಇಲ್ಲದೆ ತಗೊಂಡು ಹೋಗ್ಬೇಡಿ. ಹಪ್ಪಳ ಉಪ್ಪಿನಕಾಯಿ ಇದ್ರೂ ಫಾರ್ಮಲ್ಲಿ ಬರೀರಿ, ಬರೆಯದೆ ಸಿಕ್ಕಿಬಿದ್ರೆ ಫೈನ್.

ಹೋದ ಮೇಲೆ

ಎಲ್ಲಕ್ಕಿಂತ ಮೊದಲು ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಬಂದಿದ್ದೇನೆ ಅಂತ ಹೇಳಿ. ಶುರುವಿನ ತಾರೀಕಿನಿಂದ 30 ದಿನದೊಳಗೆ ಅವರು ಸೆವಿಸ್‌ನಲ್ಲಿ ನಿಮ್ಮನ್ನು ಆ್ಯಕ್ಟಿವ್ ಮಾಡದಿದ್ರೆ ರೆಕಾರ್ಡೇ ಬಂದ್ ಆಗಿ ಹೋಗ್ತದೆ. ಮನೆ ಬದಲಾದ್ರೆ 10 ದಿನದೊಳಗೆ ತಿಳಿಸ್ಬೇಕು, ರೂಮ್‌ಮೇಟ್ ಜೊತೆ ಜಗಳ ಆಗಿ ಬೇರೆ ಕಡೆ ಮಲಗ್ಲಿಕ್ಕೆ ಶುರು ಮಾಡಿದ್ರೂ ಅಡ್ರೆಸ್ ಬದಲಾದ ಹಾಗೆಯೇ.

ಇನ್ಶೂರೆನ್ಸ್ ಇಷ್ಟವಿದ್ರೆ ಮಾಡುವ ಸಂಗತಿ ಅಲ್ಲ, ಕಡ್ಡಾಯ. ಕಡಿಮೆ ಅಂದ್ರೂ ಒಂದು ಕಾಯಿಲೆ ಅಥವಾ ಅಪಘಾತಕ್ಕೆ 1,00,000 ಡಾಲರ್, ಊರಿಗೆ ತುರ್ತಾಗಿ ಸಾಗಿಸ್ಲಿಕ್ಕೆ 50,000, ಸತ್ತರೆ ಶವ ಕಳಿಸ್ಲಿಕ್ಕೆ 25,000, ನಮ್ಮ ಕೈಯಿಂದ ಮೊದಲು ಹಾಕುವ ಪಾಲು 500 ದಾಟಬಾರದು. ಇಲ್ಲಿ ಏಜೆಂಟರು ಮಾರುವ ಅಗ್ಗದ ಟ್ರಾವೆಲ್ ಪಾಲಿಸಿ ಇಷ್ಟಕ್ಕೂ ಹೊಂದ್ತದಾ ಅಂತ ಸಾಲು ಸಾಲಾಗಿ ಓದಿ. ಜೆ-2ರವರಿಗೂ ಇದೇ ಲೆಕ್ಕ.

ಕೆಲಸ ಪೇಪರಲ್ಲಿ ಬರೆದ ಯೂನಿವರ್ಸಿಟಿಯದ್ದು ಮಾತ್ರ. ಬೇರೆ ಕಡೆ ದುಡ್ಡು ತಗೊಂಡು ಲೆಕ್ಚರ್ ಕೊಡ್ಬೇಕಾದ್ರೆ ಅದು ನಿಮ್ಮ ವಿಷಯಕ್ಕೇ ಸಂಬಂಧಪಟ್ಟಿರ್ಬೇಕು, ಆಫೀಸಿನಿಂದ ಮುಂಚೆಯೇ ಬರೆದುಕೊಟ್ಟ ಅನುಮತಿ ಬೇಕು. ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ರಾಜ್ಯೋತ್ಸವಕ್ಕೆ ಕನ್ನಡ ಕೂಟದವರು ಕರೀತಾರೆ, ಕುಂಬಳೆ ಸೀಮೆಯವರಲ್ವಾ ಒಂದು ಯಕ್ಷಗಾನದ ವೇಷ ಹಾಕಿ ಅಂತಾರೆ, ಕೊನೆಗೆ ಶಾಲು ಹೊದಿಸಿ ಕವರ್ ಕೊಡ್ತಾರೆ. ಶಾಲು ತಗೊಂಡು ಕವರ್ ವಾಪಸ್ ಕೊಟ್ಟೆ ನಾನು, ಅವರಿಗೆ ಸ್ವಲ್ಪ ಬೇಜಾರಾಯ್ತು.

ಮಧ್ಯದಲ್ಲಿ ಊರಿಗೆ ಬಂದು ಹೋಗುವುದಾದ್ರೆ ಹೊರಡುವ ಮೊದಲು ಡಿಎಸ್-2019ರಲ್ಲಿ ಟ್ರಾವೆಲ್ ಸೈನ್ ಹಾಕಿಸಿ, ವೀಸಾ ತಾರೀಕು ಉಂಟಾ ನೋಡಿ. ಅಲ್ಲೇ ಇರ್ಲಿಕ್ಕೆ ಲೆಕ್ಕಕ್ಕೆ ಬರುವುದು ಡಿಎಸ್-2019ರ ತಾರೀಕು, ತಿರುಗಿ ಒಳಗೆ ಹೋಗ್ಲಿಕ್ಕೆ ಮಾತ್ರ ವೀಸಾ. ಅಮ್ಮನಿಗೆ ಹುಷಾರಿಲ್ಲ, ಅಡಿಕೆ ಕೊಯ್ಲು ಅಂತ ಏನಕ್ಕೇ ಬಂದ್ರೂ ಆಫೀಸಿಗೆ ಹೇಳಿ ಬನ್ನಿ, ಹೇಳದೆ ಬಂದು ಅವರು ಪ್ರೋಗ್ರಾಂ ಮುಗೀತು ಅಂತ ಹಾಕಿಬಿಟ್ರೆ ರಿಸರ್ಚ್ ಸ್ಕಾಲರ್‌ನವರಿಗೆ ಆ 24 ತಿಂಗಳು ಅಲ್ಲಿಂದಲೇ ಶುರು. ಮುಗಿದ ಮೇಲೆ ಸುತ್ತಾಡ್ಲಿಕ್ಕೆ 30 ದಿನ ಸಿಕ್ತದೆ, ಆಗ ಕೆಲಸ ಮಾಡ್ಬಾರ್ದು, ಕೆನಡಾ ನೋಡಿ ಬರ್ತೇನೆ ಅಂತ ಹೊರಗೆ ಹೋದ್ರೆ ಅದೇ ಪೇಪರಲ್ಲಿ ವಾಪಸ್ ಬರ್ಲಿಕ್ಕಿಲ್ಲ.

ಊರಿಗೆ ಬಂದ ಮೇಲೂ ಒಂದು ಬಾಕಿ ಉಂಟು. ಅಲ್ಲಿ ಒಂದು ಡಾಲರ್ ಸಂಪಾದಿಸದಿದ್ರೂ ಫಾರ್ಮ್ 8843 ಅಂತ ಟ್ಯಾಕ್ಸ್‌ನವರಿಗೆ ಮರುವರ್ಷ ಜೂನ್ 15ರೊಳಗೆ ಕಳಿಸ್ಬೇಕು, ಅದೊಂದನ್ನೇ ಕಳಿಸುವುದಾದ್ರೆ ಅಂಚೆಯಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ಗೆ. ಸಂಬಳ ತಗೊಂಡವರಿಗೆ ರಿಟರ್ನ್ ಬೇರೆ, ಅದು ಏಪ್ರಿಲ್ 15ಕ್ಕೆ. ನಾನು ಊರಿನ ಪೋಸ್ಟ್ ಆಫೀಸಿಗೆ ಹೋಗಿ ಕವರ್ ಕೊಟ್ಟಾಗ ಅಲ್ಲಿ ಕೂತಿದ್ದವರು ಅಡ್ರೆಸ್ ಎರಡು ಸಲ ಓದಿ, "ಅಮೆರಿಕದ ಟ್ಯಾಕ್ಸಿಗೆ ಇಲ್ಲಿಂದಲಾ?" ಅಂತ ಕೇಳಿ, ತೂಕ ಮಾಡಿ, ಸೀಲ್ ಹೊಡೆದ್ರು.