ಟೈಪಿಂಗ್ ಮೇಲೆ, ಸ್ಕ್ಯಾನ್ ಕೆಳಗೆ

ದಾವಣಗೆರೆಯ ವಿನೋಬನಗರದಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ. ಹಳೆಯ ಪುಸ್ತಕಗಳ ಸ್ಕ್ಯಾನ್ ನೋಡಿಕೊಂಡು ಮತ್ತೆ ಟೈಪ್ ಮಾಡುವ ಕೆಲಸವೇ ಜಾಸ್ತಿ. ಪುಟ ಉದ್ದ, ಪರದೆ ಅಡ್ಡ. ದಿನವಿಡೀ ಸ್ಕ್ರೋಲ್ ಮಾಡಿ ಸಾಕಾಗಿ, 24 ಇಂಚಿನ ಮಾನಿಟರನ್ನು ಎತ್ತಿ ನಿಲ್ಲಿಸಿದೆ. ಅದರ ಸ್ಟ್ಯಾಂಡ್ ತಿರುಗುತ್ತಿರಲಿಲ್ಲ. ಹಿಂದೆ 100 ಮಿಲಿಮೀಟರ್ ಅಂತರದ ನಾಲ್ಕು ತೂತು ಇದ್ದವು, ಹಾಗಾಗಿ ಮಾನಿಟರನ್ನು ಹಿಡಿದು ತಿರುಗಿಸುವ ಬೇರೆ ತೋಳು ತಂದು ಕೂರಿಸಿದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪೋರ್ಟ್ರೇಟ್ ಆರಿಸಿದರೆ ಚಿತ್ರವೂ ನೆಟ್ಟಗಾಗುತ್ತದೆ.

ಮೊದಲ ವಾರ ಹಳೆಯ ಅಭ್ಯಾಸದಂತೆ ವಿಂಡೋಗಳನ್ನು ಎಡಕ್ಕೊಂದು ಬಲಕ್ಕೊಂದು ಇಡುತ್ತಿದ್ದೆ. ನಿಂತ ಪರದೆಯ ಅಗಲ 1080 ಪಿಕ್ಸೆಲ್ ಅಷ್ಟೆ. ಸೀಳಿದರೆ ಒಂದೊಂದಕ್ಕೆ 540. ವರ್ಡ್‌ನಲ್ಲಿ ಎ4 ಪುಟವನ್ನು 100 ಪರ್ಸೆಂಟ್‌ಗೆ ಇಟ್ಟರೆ ಅದೊಂದಕ್ಕೇ ಸುಮಾರು 794 ಬೇಕು. ಅಡ್ಡಕ್ಕೆ ಕತ್ತರಿಸಿ, ವಿಂಡೋಗಳನ್ನು ಒಂದರ ಕೆಳಗೊಂದು ಇಟ್ಟಾಗಲೇ ಪುಟ ಪೂರ್ತಿ ಅಗಲಕ್ಕೆ ಕೂತಿತು.

ಅದಕ್ಕೆ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ತಂತ್ರಾಂಶ ಹಾಕಿಕೊಂಡೆ, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪರದೆಯನ್ನು ಭಾಗ ಮಾಡುವ ಫ್ಯಾನ್ಸಿಝೋನ್ಸ್‌ನಲ್ಲಿ ಮೂರು ಅಡ್ಡ ಪಟ್ಟಿ ಮಾಡಿದೆ. ಮೇಲೆ 850 ಪಿಕ್ಸೆಲ್, ನಡುವೆ 700, ಉಳಿದದ್ದು ಕೆಳಗೆ. ಶಿಫ್ಟ್ ಒತ್ತಿಕೊಂಡು ವಿಂಡೋ ಎಳೆದು ಬಿಟ್ಟರೆ ಪಟ್ಟಿಯೊಳಗೆ ಸರಿಯಾಗಿ ಕೂರುತ್ತದೆ.

ಯಾವುದು ಎಲ್ಲಿರಬೇಕು ಅನ್ನುವುದಕ್ಕೆ ನನಗೆ ತಿಂಗಳೇ ಹಿಡಿಯಿತು. ಮೊದಲು ಸ್ಕ್ಯಾನ್ ಮೇಲೆ, ವರ್ಡ್ ಕೆಳಗೆ ಇತ್ತು. ಯಾರಿಗಾದರೂ ಹಾಗೇ ತೋಚುತ್ತದೆ, ಅಲ್ವಾ? ಆದರೆ ಟೈಪ್ ಮಾಡುತ್ತಾ ಹೋದಂತೆ ಕರ್ಸರ್ ವಿಂಡೋದ ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಕಣ್ಣು ಪ್ರತಿ ಸಾಲಿಗೂ ಅಷ್ಟುದ್ದ ಹತ್ತಿ ಇಳಿಯಬೇಕು. ಸಂಜೆಗೆ ಕುತ್ತಿಗೆ ನೋವು. ಅದಕ್ಕಿಂತ ಹೆಚ್ಚಾಗಿ, ಮಧ್ಯೆ ಸಾಲುಗಳೇ ಬಿಟ್ಟುಹೋಗುತ್ತಿದ್ದವು. ಬೇರೆಯವರ ಪುಸ್ತಕದಲ್ಲಿ ಒಂದು ಸಾಲು ಕಳೆಯುವುದು ನನಗೆ ಸಣ್ಣ ತಪ್ಪಲ್ಲ.

ಒಂದು ದಿನ ಅಕ್ಕನ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. "ಚಿಕ್ಕಮ್ಮ, ಎರಡನ್ನೂ ಅದಲು ಬದಲು ಮಾಡಿ ನೋಡ್ರಿ" ಎಂದ. ವರ್ಡ್ ಮೇಲಕ್ಕೆ ಹೋಯಿತು, ಸ್ಕ್ಯಾನ್ ನಡುವಿಗೆ ಬಂತು. ಈಗ ಕರ್ಸರ್ ಇರುವ ಸಾಲು ಮೇಲಿನ ವಿಂಡೋದ ತಳದಲ್ಲಿ. ಸ್ಕ್ಯಾನ್ ಸರಿಸುತ್ತಾ, ಓದುವ ಸಾಲನ್ನು ನಡುವಿನ ವಿಂಡೋದ ತಲೆಗೆ ತಂದುಕೊಳ್ಳುತ್ತೇನೆ. ನಡುವೆ ಮೆನು ಪಟ್ಟಿಯಷ್ಟೇ ಅಂತರ. ಆ ಗಡಿ ಕಣ್ಣಿನ ನೇರಕ್ಕಿಂತ ತುಸು ಕೆಳಗೆ ಬರುವಂತೆ ತೋಳನ್ನು ಇಳಿಸಿದೆ. ಬಿಟ್ಟ ಸಾಲು ಈಗ ತಕ್ಷಣ ಗೊತ್ತಾಗುತ್ತದೆ. ಕೆಳಗಿನ ಪಟ್ಟಿಯಲ್ಲಿ ನಿಘಂಟು.

ನಿಲ್ಲಿಸಿದ ಮೇಲೆ ಒತ್ತಕ್ಷರಗಳ ಅಂಚಿನಲ್ಲಿ ಬಣ್ಣ ಕಾಣುತ್ತಿತ್ತು. ಅಕ್ಷರದ ಅಂಚನ್ನು ನುಣುಪು ಮಾಡುವ ವಿಂಡೋಸ್‌ನ ಕ್ಲಿಯರ್‌ಟೈಪ್, ಅಡ್ಡ ಪರದೆಯ ಪಿಕ್ಸೆಲ್‌ಗಳೊಳಗಿನ ಬಣ್ಣದ ಗೆರೆಗಳನ್ನು ನಂಬಿ ಅಕ್ಷರ ತಿದ್ದುತ್ತದೆ, ಪರದೆ ತಿರುಗಿದಾಗ ಆ ಲೆಕ್ಕ ತಪ್ಪುತ್ತದೆ. ಅದನ್ನು ಆಫ್ ಮಾಡಿ, ಜೂಮ್ ಸ್ವಲ್ಪ ಏರಿಸಿದೆ. ಈಗ ಕೆಳಗಿನ ಒತ್ತು ಣ ಯಾವುದು, ನ ಯಾವುದು ಎಂದು ಸ್ಪಷ್ಟವಾಗಿ ಕಾಣುತ್ತದೆ.